ಮೋಟಾರ್‌ಹೋಮ್‌ನ ಹಿಂಬದಿಗೆ ಏರ್ ಸಸ್ಪೆನ್ಷನ್ ಕಿಟ್, ನಾಲ್ಕೂ ಚಕ್ರಗಳಿಗೆ ಹೊಸ ಶಾಕ್ ಅಬ್ಸಾರ್ಬರ್: ಒಂದು ವಿಮರ್ಶೆ

ಫಿಯೆಟ್ ಡ್ಯುಕಾಟೊ ಚಾಸಿಯ ಮೇಲೆ ಕಟ್ಟಿದ ನಮ್ಮ ಮೋಟಾರ್‌ಹೋಮ್‌ಗೆ, ಅಂದರೆ ಒಳಗೇ ವಾಸಿಸಬಹುದಾದ ಮನೆಯಂಥ ಗಾಡಿಗೆ, ಮೊದಲು ಹಿಂಬದಿಯ ಸಹಾಯಕ ಏರ್ ಸಸ್ಪೆನ್ಷನ್ ಕಿಟ್ (ಮೂಲ ಸ್ಪ್ರಿಂಗಿಗೆ ನೆರವಾಗುವ ಗಾಳಿಚೀಲಗಳು) ಅಳವಡಿಸಿ, ಸಾಕಷ್ಟು ಓಡಾಡಿದ ಮೇಲೆ ನಾಲ್ಕೂ ಚಕ್ರಗಳಿಗೆ ಕೋನಿ ಕಂಪನಿಯ ಎಫ್‌ಎಸ್‌ಡಿ (ಕಂಪನದ ವೇಗಕ್ಕೆ ತಕ್ಕಂತೆ ತಡೆಯನ್ನು ಬದಲಿಸುವ) ಶಾಕ್ ಅಬ್ಸಾರ್ಬರ್‌ಗಳನ್ನು ಹಾಕಿಸಿದೆವು. ಎರಡನ್ನೂ ಒಟ್ಟಿಗೆ ಮಾಡಿಸದೆ ನಡುವೆ ಅಂತರ ಬಿಟ್ಟದ್ದರಿಂದ ಯಾವುದರಿಂದ ಯಾವ ಬದಲಾವಣೆ ಬಂತು ಎಂಬುದನ್ನು ಬೇರೆಬೇರೆಯಾಗಿ ಗಮನಿಸುವುದು ಸಾಧ್ಯವಾಯಿತು. ನನ್ನ ತೀರ್ಪನ್ನು ಮೊದಲೇ ಹೇಳುತ್ತೇನೆ. ಏರ್ ಕಿಟ್ ಹಿಂಬದಿಯ ಕುಸಿತವನ್ನು ನಿಜಕ್ಕೂ ನಿವಾರಿಸಿತು, ಆದರೆ ಪ್ರಯಾಣದ ಹಿತವನ್ನು ಹೆಚ್ಚಿಸಿದ್ದು ಶಾಕ್ ಅಬ್ಸಾರ್ಬರ್. ಇವೆರಡೂ ಮಾಡುವ ಕೆಲಸ ಒಂದೇ ಎಂದು ತಿಳಿದು ಒಂದರ ಬದಲಿಗೆ ಇನ್ನೊಂದನ್ನು ಕೊಂಡವರಿಗೆ ಹಾಕಿದ ಹಣಕ್ಕೆ ತಕ್ಕ ಫಲ ಸಿಗುವುದಿಲ್ಲ.

ಡ್ಯುಕಾಟೊ ಮೂಲತಃ ಸರಕು ಸಾಗಿಸುವ ವ್ಯಾನು. ಅದರ ಮೂರನೆಯ ತಲೆಮಾರು 2006ರಲ್ಲಿ ಬಂತು. ಪೂಜೊ ಬಾಕ್ಸರ್ ಮತ್ತು ಸಿಟ್ರೊಯೆನ್ ಜಂಪರ್ ಅದರ ಅವಳಿಗಳಾದ್ದರಿಂದ ಇಲ್ಲಿ ಹೇಳುವ ಬಹುಪಾಲು ಮಾತು ಆ ಎರಡಕ್ಕೂ ಅನ್ವಯಿಸುತ್ತದೆ. ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಮುಂಬದಿಯಲ್ಲಿ ಕಾಯಿಲ್ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿ ಕೂಡಿರುವ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂಬದಿಯಲ್ಲಿ ಎರಡೂ ಚಕ್ರಗಳನ್ನು ಜೋಡಿಸುವ ಗಟ್ಟಿ ಆಕ್ಸಲ್ ಮತ್ತು ಅದರ ಮೇಲೆ ಬಾಗಿದ ಉಕ್ಕಿನ ಪಟ್ಟಿಯ ಲೀಫ್ ಸ್ಪ್ರಿಂಗ್ ಇವೆ. ಸರಕಿನ ವ್ಯಾನು ಬೆಳಿಗ್ಗೆ ಹೇರಿಕೊಂಡು ಹೊರಟು ಸಂಜೆಯ ಹೊತ್ತಿಗೆ ಹಗುರವಾಗುತ್ತದೆ. ಅದರ ಸ್ಪ್ರಿಂಗಿಗೆ ಪ್ರತಿದಿನ ಬಿಡುವು ಸಿಗುತ್ತದೆ. ಮೋಟಾರ್‌ಹೋಮ್‌ನ ಸ್ಪ್ರಿಂಗಿಗೆ ಆ ಬಿಡುವೇ ಇಲ್ಲ. ಹಾಸಿಗೆ, ಒಲೆ, ಫ್ರಿಜ್ಜು, ಕಪಾಟುಗಳು, ಬ್ಯಾಟರಿ, ನೀರಿನ ಟ್ಯಾಂಕು ಇವೆಲ್ಲ ಹಗಲಿರುಳು, ಗಾಡಿ ನಿಂತಿರುವಾಗಲೂ ಅದರ ಮೇಲೆಯೇ ಕುಳಿತಿರುತ್ತವೆ. ಅನುಮತಿಸಿದ ಪೂರ್ಣ ತೂಕದ ಹತ್ತಿರದಲ್ಲೇ ಬಾಳಬೇಕಾದ ಲೀಫ್ ಸ್ಪ್ರಿಂಗ್ ಕೆಲವು ವರ್ಷಗಳಲ್ಲಿ ತನ್ನ ಬಾಗನ್ನು ಕಳೆದುಕೊಂಡು ಚಪ್ಪಟೆಯಾದರೆ ಅದು ತಯಾರಿಕೆಯ ದೋಷವಲ್ಲ, ಬಳಕೆಯ ಸ್ವಭಾವ.

ನಮ್ಮ ಗಾಡಿಯಲ್ಲಿ ಕಂಡ ತೊಂದರೆಗಳು ಇಂಥವು: ಪಕ್ಕದಿಂದ ನೋಡಿದರೆ ಹಿಂಬದಿ ಕುಳಿತಂತೆ ಕಾಣುತ್ತಿತ್ತು, ರಸ್ತೆಯಿಂದ ಅಂಗಳಕ್ಕೆ ಏರುವ ಇಳಿಜಾರಿನಲ್ಲಿ ಹಿಂಬದಿಯ ತುದಿ ನೆಲಕ್ಕೆ ಉಜ್ಜುತ್ತಿತ್ತು, ಹಂಪ್ ದಾಟಿದಾಗ ಹಿಂದಿನಿಂದ ಧಡ್ ಎಂಬ ಸದ್ದು ಬರುತ್ತಿತ್ತು, ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಗಾಡಿ ಓಲಾಡಿ ನೆಟ್ಟಗಾಗಲು ಹೊತ್ತು ಹಿಡಿಯುತ್ತಿತ್ತು, ಹರಕು ಡಾಂಬರಿನ ಮೇಲೆ ಕಪಾಟಿನೊಳಗಿನ ಸಾಮಾನು ಒಂದೇ ಸಮನೆ ಗಲಗುಟ್ಟುತ್ತಿತ್ತು. ಇವುಗಳನ್ನು ಒಟ್ಟಾಗಿ ಸಸ್ಪೆನ್ಷನ್ ಸರಿಯಿಲ್ಲ ಎಂದು ಹೇಳಿಬಿಡುವುದು ಸುಲಭ. ಆದರೆ ಹೊರೆಯನ್ನು ಹೊರುವುದು ಸ್ಪ್ರಿಂಗ್, ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್, ತಿರುವಿನಲ್ಲಿ ಗಾಡಿ ಪಕ್ಕಕ್ಕೆ ವಾಲುವುದನ್ನು ತಡೆಯುವುದು ಮುಖ್ಯವಾಗಿ ಆ್ಯಂಟಿ ರೋಲ್ ಬಾರ್, ರಸ್ತೆಯ ಸಣ್ಣ ಒರಟನ್ನು ಮೊದಲು ನುಂಗಿಕೊಳ್ಳುವುದು ಟೈರು. ಯಾವ ತೊಂದರೆ ಯಾವ ಭಾಗದಿಂದ ಬರುತ್ತಿದೆ ಎಂಬುದನ್ನು ಬಿಡಿಸಿ ನೋಡದೆ ಕಿಟ್ ಆರಿಸಲು ಹೋಗಬಾರದು.

ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಗಾಡಿ ತೂಗುವ ವೇಬ್ರಿಡ್ಜ್‌ಗೆ ಹೋಗುವುದು. ಪ್ರವಾಸಕ್ಕೆ ಹೊರಡುವಾಗ ಹೇಗಿರುತ್ತದೋ ಹಾಗೆಯೇ, ನೀರು, ಇಂಧನ, ಗ್ಯಾಸು, ಬಟ್ಟೆಬರೆ, ಪ್ರಯಾಣಿಕರು ಎಲ್ಲರೂ ಇರುವಂತೆ, ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್‌ಗಳನ್ನು ಪ್ರತ್ಯೇಕವಾಗಿ ತೂಗಿಸಬೇಕು. ಒಟ್ಟು ತೂಕ ಮಿತಿಯೊಳಗೆ ಇದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರುವುದು ಮೋಟಾರ್‌ಹೋಮ್‌ಗಳಲ್ಲಿ ಅಪರೂಪವೇನಲ್ಲ. ಇದಕ್ಕೆ ಕಾರಣ ಹಿಂದಿನ ಚಕ್ರದಾಚೆಗೆ ಚಾಚಿಕೊಂಡಿರುವ ಉದ್ದ. ಉದ್ದನೆಯ ಡ್ಯುಕಾಟೊದ ವ್ಹೀಲ್‌ಬೇಸ್, ಅಂದರೆ ಎರಡು ಆಕ್ಸಲ್‌ಗಳ ನಡುವಿನ ದೂರ, 4035 ಮಿಲಿಮೀಟರ್. ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಆಚೆಗೆ, ಅಂದರೆ ಗಾಡಿಯ ಬೆನ್ನಿಗೆ, 100 ಕಿಲೋ ತೂಕದ ಸೈಕಲ್ ರ‍್ಯಾಕ್ ಮತ್ತು ಸೈಕಲ್ಲುಗಳನ್ನು ತಗುಲಿಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 100 ಕಿಲೋ ಅಲ್ಲ, ಸುಮಾರು 150 ಕಿಲೋ. ಹೆಚ್ಚಿಗೆ ಬಂದ ಆ 50 ಕಿಲೋ ಮುಂದಿನ ಆಕ್ಸಲ್‌ನಿಂದ ಕಳಚಿಕೊಂಡದ್ದು. ಮುಂದಿನ ಚಕ್ರವೇ ಎಳೆಯುವ ಮತ್ತು ತಿರುಗಿಸುವ ಗಾಡಿಯಲ್ಲಿ ಮುಂಭಾಗ ಹಗುರವಾದರೆ ಒದ್ದೆ ಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ಅಡ್ಡಗಾಳಿಯಲ್ಲಿ ಸ್ಟಿಯರಿಂಗ್ ಸಡಿಲವಾದಂತೆ ತೋರುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಇದರ ಬಗ್ಗೆ ಬಹಳ ತಪ್ಪು ತಿಳಿವಳಿಕೆ ಇದೆ. ಹಿಂಬದಿಗೆ ಗಾಳಿ ತುಂಬಿ ಗಾಡಿಯನ್ನು ಮಟ್ಟ ಮಾಡಿದರೆ ತೂಕ ಮತ್ತೆ ಮುಂದಕ್ಕೆ ಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗೆ ಆಗುವುದಿಲ್ಲ. ಹೊರೆ ಎಲ್ಲಿದೆ ಎಂಬುದು ಬದಲಾಗದ ಹೊರತು ಆಕ್ಸಲ್‌ಗಳ ನಡುವಿನ ಹಂಚಿಕೆ ಗಮನಿಸುವಷ್ಟು ಬದಲಾಗದು. ನಾವು ಕಿಟ್ ಹಾಕಿಸುವ ಮೊದಲು ಮತ್ತು ಆಮೇಲೆ ತೂಗಿಸಿದಾಗ ಕಂಡದ್ದೂ ಅದೇ: ಗಾಡಿ ಮಟ್ಟವಾಗಿ ನಿಂತಿತ್ತು, ತೂಕದ ಚೀಟಿ ಮಾತ್ರ ಹೆಚ್ಚುಕಡಿಮೆ ಹಿಂದಿನದನ್ನೇ ಹೇಳುತ್ತಿತ್ತು. ಮುಂಭಾಗ ಹಗುರವಾಗಿದೆ ಎಂಬುದೇ ತೊಂದರೆಯಾದರೆ ಭಾರದ ಸಾಮಾನನ್ನು ಹಿಂದಿನ ಗ್ಯಾರೇಜಿನಿಂದ (ಗಾಡಿಯ ಹಿಂಬದಿಯ ಸಾಮಾನು ಖಾನೆಯಿಂದ) ತೆಗೆದು ಎರಡು ಆಕ್ಸಲ್‌ಗಳ ನಡುವೆ ಇಡುವುದೇ ಪರಿಹಾರ.

ಈಗ ಕಿಟ್‌ನ ವಿಷಯ. ಈ ಬಗೆಯ ಸಹಾಯಕ ಏರ್ ಸಸ್ಪೆನ್ಷನ್‌ಗಳನ್ನು ವಿಬಿ ಏರ್‌ಸಸ್ಪೆನ್ಷನ್, ಗೋಲ್ಡ್‌ಶ್ಮಿಟ್, ಡನ್ಲಪ್, ಫೈರ್‌ಸ್ಟೋನ್, ಏರ್ ಲಿಫ್ಟ್ ಮೊದಲಾದ ಕಂಪನಿಗಳು ತಯಾರಿಸುತ್ತವೆ. ಹೆಸರು ಯಾವುದಾದರೂ ರಚನೆ ಬಹುಮಟ್ಟಿಗೆ ಒಂದೇ. ಮೂಲ ಲೀಫ್ ಸ್ಪ್ರಿಂಗ್ ಹಾಗೆಯೇ ಉಳಿಯುತ್ತದೆ. ಚಾಸಿ ಮತ್ತು ಆಕ್ಸಲ್‌ಗಳ ನಡುವೆ, ಮೊದಲು ಬಂಪ್ ಸ್ಟಾಪ್ ಎಂಬ ರಬ್ಬರ್ ದಿಮ್ಮಿ ಇದ್ದ ಜಾಗದಲ್ಲಿ, ಒಂದೊಂದು ಬದಿಗೆ ಒಂದೊಂದು ರಬ್ಬರ್ ಗಾಳಿಚೀಲ ಬಂದು ಕೂರುತ್ತದೆ. ನಮ್ಮ ಕಿಟ್‌ನ ಚೀಲಕ್ಕೆ ನಡುವೆ ಸೊಂಟ ಕಟ್ಟಿದಂತೆ ಒಂದು ಲೋಹದ ಬಳೆ ಇದ್ದು, ಅದರ ಮೇಲೊಂದು ಕೆಳಗೊಂದು ಉಬ್ಬು ಇವೆ. ಮೇಲೆ ಮತ್ತು ಕೆಳಗೆ ಹಿಡಿದುಕೊಳ್ಳಲು ಉಕ್ಕಿನ ಬ್ರಾಕೆಟ್‌ಗಳು, ಗಾಳಿ ಸಾಗಲು ತೆಳ್ಳನೆಯ ನೈಲಾನ್ ಕೊಳವೆ, ಚಾಲಕನ ಸೀಟಿನ ಬಳಿ ಎರಡು ಮುಳ್ಳುಗಳ ಗೇಜ್ ಮತ್ತು ಸ್ವಿಚ್, ಒಂದು ಪುಟ್ಟ 12 ವೋಲ್ಟ್ ಕಂಪ್ರೆಸರ್ ಇವಿಷ್ಟೇ ಉಳಿದ ಸಾಮಗ್ರಿ. ಚಾಸಿಯಲ್ಲಿ ಹೊಸದಾಗಿ ತೂತು ಕೊರೆಯಬೇಕಾಗಲಿಲ್ಲ. ಕಂಪ್ರೆಸರ್ ಇಲ್ಲದೆ, ಟೈರಿಗೆ ಗಾಳಿ ತುಂಬುವ ವಾಲ್ವ್‌ನಂಥದ್ದನ್ನೇ ಕೊಟ್ಟು ಮುಗಿಸುವ ಸರಳ ಕಿಟ್‌ಗಳೂ ಇವೆ. ಗಾಡಿಯ ಹೊರೆ ಹೆಚ್ಚೇನೂ ಬದಲಾಗದವರಿಗೆ ಅವು ಸಾಕು. ಟ್ಯಾಂಕು ತುಂಬಿದಾಗ ಒಂದು, ಖಾಲಿಯಾದಾಗ ಒಂದು ಒತ್ತಡ ಇಟ್ಟುಕೊಳ್ಳಬೇಕೆನ್ನುವವರಿಗೆ ಕಂಪ್ರೆಸರ್ ಬೇಕು. ನೂರು ಲೀಟರ್ ನೀರೆಂದರೆ ನೂರು ಕಿಲೋ ಎಂಬುದನ್ನು ಮರೆಯಬಾರದು.

ಕಿಟ್ ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ, ಎಡ ಮತ್ತು ಬಲ ಚೀಲಗಳಿಗೆ ಪ್ರತ್ಯೇಕ ಗಾಳಿಮಾರ್ಗ ಇದೆಯೇ ಎಂಬುದು. ಎರಡಕ್ಕೂ ಒಂದೇ ಕೊಳವೆಯಿದ್ದು ನಡುವೆ ತಡೆಯಿಲ್ಲದಿದ್ದರೆ, ತಿರುವಿನಲ್ಲಿ ಹೊರಬದಿಯ ಚೀಲ ಒತ್ತಿಕೊಂಡಾಗ ಅದರೊಳಗಿನ ಗಾಳಿ ಒಳಬದಿಯ ಚೀಲಕ್ಕೆ ಹರಿದುಹೋಗುತ್ತದೆ. ಯಾವ ಬದಿಗೆ ಆಸರೆ ಬೇಕೋ ಅಲ್ಲಿ ಆಸರೆ ತಗ್ಗಿ, ಬೇಡವಾದ ಬದಿ ಮೇಲೆದ್ದು, ವಾಲುವುದು ಇನ್ನೂ ಹೆಚ್ಚುತ್ತದೆ. ನಮ್ಮದರಲ್ಲಿ ಮಾರ್ಗಗಳು ಬೇರೆಬೇರೆ ಇವೆ. ಇದರಿಂದ ಇನ್ನೊಂದು ಅನುಕೂಲವೂ ದೊರೆಯಿತು: ಅಡುಗೆ ಭಾಗ ಮತ್ತು ಫ್ರಿಜ್ಜು ಇರುವ ಬದಿ ಸ್ವಲ್ಪ ಹೆಚ್ಚು ಭಾರವಾದ್ದರಿಂದ ಆ ಬದಿಗೆ ತುಸು ಹೆಚ್ಚು ಗಾಳಿ ಕೊಟ್ಟು ಓರೆಯನ್ನು ತಿದ್ದಿಕೊಳ್ಳಬಹುದು.

ಅಳವಡಿಕೆಯ ಕೆಲಸ ಕಷ್ಟದ್ದಲ್ಲ, ಆದರೆ ಎಚ್ಚರದ್ದು. ನಮ್ಮ ಗಾಡಿಗೆ ಅದನ್ನು ಮಾಡಿಕೊಟ್ಟ ವರ್ಕ್‌ಶಾಪ್‌ನ ಕೈಕೆಲಸ ಒಂದು ವಿಷಯದಲ್ಲಿ ತೃಪ್ತಿ ಕೊಡಲಿಲ್ಲ. ಬ್ರಾಕೆಟ್‌ಗಳನ್ನು ಚೊಕ್ಕವಾಗಿ ಕೂರಿಸಿದ್ದರು, ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್ ಹಿಡಿದೇ ಬಿಗಿದಿದ್ದರು; ಆದರೆ ಬಲಬದಿಯ ನೈಲಾನ್ ಕೊಳವೆಯನ್ನು ಸೈಲೆನ್ಸರ್ ಕೊಳವೆಯ ತೀರ ಸಮೀಪದಲ್ಲಿ ಕಟ್ಟಿಬಿಟ್ಟಿದ್ದರು. ಗಾಡಿಯನ್ನು ಪಡೆದ ದಿನವೇ ಕೆಳಗೆ ಇಣುಕಿ ನೋಡಿದಾಗ ಅದು ಕಣ್ಣಿಗೆ ಬಿತ್ತು. ಬಿಸಿಗೆ ನೈಲಾನ್ ಮೆತ್ತಗಾಗಿ ಒಂದಲ್ಲ ಒಂದು ದಿನ ಒಡೆಯುತ್ತದೆ. ಒಡೆದರೆ ಚೀಲ ಒಮ್ಮೆಗೇ ಖಾಲಿಯಾಗುತ್ತದೆ. ಹೇಳಿದ ಮೇಲೆ ಅವರು ತಕರಾರಿಲ್ಲದೆ ಚಾಸಿಯ ಇನ್ನೊಂದು ಬದಿಯಿಂದ ಹಾಯಿಸಿಕೊಟ್ಟರು. ಯಾರಿಂದಲೇ ಮಾಡಿಸಿದರೂ ಹಣ ಕೊಡುವ ಮೊದಲು ಟಾರ್ಚು ಹಿಡಿದು ಗಾಡಿಯಡಿ ಒಮ್ಮೆ ನೋಡಬೇಕು: ಕೊಳವೆ ಬಿಸಿ ಭಾಗಗಳಿಂದ ದೂರವಿದೆಯೇ, ಚೂಪಾದ ಅಂಚಿಗೆ ಉಜ್ಜುತ್ತಿದೆಯೇ, ಆಕ್ಸಲ್ ಪೂರ್ತಿ ಕೆಳಗೆ ಇಳಿದಾಗ ಎಳೆದಂತಾಗುತ್ತದೆಯೇ, ಗಾಳಿ ತುಂಬಿದ ಚೀಲದ ಸುತ್ತ ಬ್ರೇಕ್ ಪೈಪಿಗೂ ಚಾಸಿಗೂ ತಗುಲದಷ್ಟು ಜಾಗವಿದೆಯೇ ಎಂದು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಸಿಕೊಳ್ಳುವುದೂ ಅಗತ್ಯ.

ಹಳೆಯ ಗಾಡಿಗಳಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಗಾಡಿಯ ಎತ್ತರ ನೋಡಿ ನಿರ್ಧರಿಸುವ ಒಂದು ವಾಲ್ವ್ ಇರುತ್ತದೆ. ಹಿಂಬದಿ ತಗ್ಗಿದೆ ಎಂದರೆ ಹೊರೆ ಇದೆ ಎಂದು ಅದರ ಲೆಕ್ಕ. ಗಾಳಿಯಿಂದ ಹಿಂಬದಿಯನ್ನು ಎತ್ತಿದರೆ ಹೊರೆ ಇದ್ದರೂ ಇಲ್ಲವೆಂದು ತಿಳಿದು ಅದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಅಂಥ ವಾಲ್ವ್ ಇರುವ ಗಾಡಿಗೆ ಕಿಟ್ ಹಾಕಿದ ಮೇಲೆ ಅದರ ಸರಳನ್ನು ಹೊಸ ಎತ್ತರಕ್ಕೆ ಹೊಂದಿಸದೆ ರಸ್ತೆಗೆ ಇಳಿಸಬಾರದು. ಹೆಡ್‌ಲೈಟ್‌ಗಳ ಕೋನವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ, ಏಕೆಂದರೆ ಹಿಂಬದಿ ಎದ್ದರೆ ಬೆಳಕು ಮೊದಲಿಗಿಂತ ಹತ್ತಿರದಲ್ಲೇ ನೆಲಕ್ಕೆ ಬೀಳುತ್ತದೆ.

ಎಷ್ಟು ಗಾಳಿ ತುಂಬಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಆದರೆ ಚೀಲ ಕೆಲಸ ಮಾಡುವ ರೀತಿ ತಿಳಿದರೆ ಉತ್ತರ ಕಂಡುಕೊಳ್ಳುವುದು ಸುಲಭ. ಚೀಲ ಹೊರುವ ಭಾರವೆಂದರೆ ಒಳಗಿನ ಒತ್ತಡವನ್ನು ಅದರ ಪರಿಣಾಮಕಾರಿ ವಿಸ್ತೀರ್ಣದಿಂದ ಗುಣಿಸಿದಷ್ಟು. ಪರಿಣಾಮಕಾರಿ ವ್ಯಾಸ 12 ಸೆಂಟಿಮೀಟರ್ ಇರುವ ಚೀಲವನ್ನು ಉದಾಹರಣೆಗೆ ತೆಗೆದುಕೊಂಡರೆ ಪ್ರತಿ ಒಂದು ಬಾರ್ ಒತ್ತಡಕ್ಕೆ ಅದು ಸುಮಾರು 115 ಕಿಲೋ ಹೊರುತ್ತದೆ; ಮೂರು ಬಾರ್‌ನಲ್ಲಿ ಒಂದು ಬದಿಗೆ ಹೆಚ್ಚುಕಡಿಮೆ 345 ಕಿಲೋ. ಅಷ್ಟು ಭಾರ ಲೀಫ್ ಸ್ಪ್ರಿಂಗಿನ ಮೇಲಿಂದ ಇಳಿದಂತಾಯಿತು. ಸರಿಯಾದ ವಿಧಾನವೆಂದರೆ ಪೂರ್ಣ ಹೊರೆಯೊಡನೆ ಗಾಡಿಯನ್ನು ಮಟ್ಟದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆದು, ಗಾಡಿ ಮಟ್ಟವಾಗುವವರೆಗೆ ಅರ್ಧರ್ಧ ಬಾರ್‌ನಂತೆ ಗಾಳಿ ಏರಿಸುವುದು. ನಮ್ಮ ಗಾಡಿಗೆ ಪ್ರವಾಸದ ಹೊರೆಯಲ್ಲಿ ಎರಡೂವರೆಯಿಂದ ಮೂರು ಬಾರ್ ಹೊಂದುತ್ತದೆ. ಮೂರೂವರೆ ದಾಟಿದರೆ ಪ್ರತಿ ಗುಂಡಿಯೂ ಬೆನ್ನೆಲುಬಿಗೆ ತಿಳಿಯುತ್ತದೆ. ಎರಡಕ್ಕಿಂತ ಇಳಿದರೆ ಹಿಂಬದಿ ಮತ್ತೆ ಕೂರುತ್ತದೆ.

ಮಟ್ಟಕ್ಕಿಂತ ಮೇಲೆತ್ತುವ ಆಸೆಯನ್ನು ಬಿಡಬೇಕು. ಹಿಂಬದಿ ಅತಿಯಾಗಿ ಎದ್ದರೆ ಗಾಡಿ ಮುಂದಕ್ಕೆ ಬಾಗಿ ಮುಂದಿನ ಚಕ್ರಗಳ ಕ್ಯಾಸ್ಟರ್ ಕೋನ, ಅಂದರೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ, ತಗ್ಗುತ್ತದೆ. ನೇರ ಓಡುವಾಗ ಸ್ಟಿಯರಿಂಗ್ ತಾನಾಗಿ ನಡುವಿಗೆ ಮರಳುವ ಗುಣ ಕುಂದುತ್ತದೆ. ತೀರ ಕಡಿಮೆ ಗಾಳಿಯೂ ಅಷ್ಟೇ ಅಪಾಯಕಾರಿ. ಗಾಳಿಯಿಲ್ಲದ ಚೀಲದ ಮಡಿಕೆಗಳು ಆಕ್ಸಲ್ ಮೇಲೆ ಬಂದಾಗ ಬ್ರಾಕೆಟ್‌ಗಳ ನಡುವೆ ಸಿಕ್ಕಿ ಜಜ್ಜಿಹೋಗುತ್ತವೆ. ಆದ್ದರಿಂದ ಹೊರೆಯಿಲ್ಲದೆ ಓಡಿಸುವಾಗಲೂ ತಯಾರಕರು ಹೇಳುವ ಕನಿಷ್ಠ ಒತ್ತಡ ಉಳಿಸಿಕೊಳ್ಳಬೇಕು. ನಮ್ಮದಕ್ಕೆ ಅದು ಅರ್ಧ ಬಾರ್. ಏಳು ಬಾರ್‌ನವರೆಗೆ ತಡೆಯುತ್ತದೆ ಎಂದು ಚೀಲದ ಮೇಲೆ ಬರೆದಿರುವುದು ಚೀಲದ ಶಕ್ತಿಯೇ ಹೊರತು ಗಾಡಿಯ ಶಕ್ತಿಯಲ್ಲ.

ರಸ್ತೆಯ ಮೇಲೆ ಕಿಟ್ ತಂದ ವ್ಯತ್ಯಾಸ ಮೊದಲ ಹಂಪಿನಲ್ಲೇ ತಿಳಿಯಿತು. ಮೊದಲು ಹೊರೆಯಿಂದ ಕುಗ್ಗಿದ ಗಾಡಿ ಬಂಪ್ ಸ್ಟಾಪ್ ಮೇಲೆಯೇ ಕುಳಿತಿರುತ್ತಿದ್ದರಿಂದ ಚಕ್ರಕ್ಕೆ ಮೇಲೇರಲು ಜಾಗವೇ ಉಳಿದಿರಲಿಲ್ಲ. ಹಂಪ್ ಬಂದರೆ ಇಡೀ ಮನೆಯೇ ಮೇಲಕ್ಕೆ ಎದ್ದು ಬೀಳುತ್ತಿತ್ತು. ಈಗ ಚಕ್ರ ಮೇಲೇರುತ್ತದೆ, ಚೀಲ ಒತ್ತಿಕೊಳ್ಳುತ್ತದೆ, ಒತ್ತಿದಷ್ಟೂ ಗಡುಸಾಗುತ್ತದೆ. ಹಾಗಾಗಿ ಧಡ್ ಎನ್ನುವ ಕೊನೆಯ ಏಟು ಇಲ್ಲ. ಅಂಗಳ ಏರುವಾಗ ಹಿಂಬದಿ ಉಜ್ಜುವುದು ನಿಂತಿದೆ. ಲಾರಿ ಹಾದುಹೋದಾಗ ಗಾಡಿ ಈಗಲೂ ಸರಿಯುತ್ತದೆ, ಆದರೆ ಒಂದೇ ಸಲ ಸರಿದು ನಿಲ್ಲುತ್ತದೆ. ಹಿಂದಿನಂತೆ ಬಾಲ ಬೀಸಿದ ಹಾಗೆ ಆ ಕಡೆ ಈ ಕಡೆ ಆಡುವುದಿಲ್ಲ. ಕುಸಿತವೊಂದೇ ತೊಂದರೆಯಾಗಿರುವವರಿಗೆ ನಾನು ಈ ಕಿಟ್ಟನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಕಿಟ್‌ನಿಂದ ಸರಿಹೋಗದೆ ಉಳಿದದ್ದು ಎರಡು. ಉದ್ದನೆಯ ಅಲೆಯಂಥ ಏರಿಳಿತದ ಹೆದ್ದಾರಿಯಲ್ಲಿ ಗಾಡಿಯ ಮೂಗು ಎದ್ದು ಬಾಲ ಇಳಿಯುವ ತೂಗಾಟ ಹಾಗೆಯೇ ಇತ್ತು, ಸ್ವಲ್ಪ ಹೆಚ್ಚಾಗಿಯೂ ಇತ್ತು. ಸಣ್ಣ ಒರಟಿನ ಗಲಗಲವೂ ಕಡಿಮೆಯಾಗಲಿಲ್ಲ. ಕಾರಣ ಸ್ಪಷ್ಟ: ಗಾಳಿಚೀಲವೂ ಒಂದು ಸ್ಪ್ರಿಂಗೇ. ಒತ್ತಿದಾಗ ಪಡೆದ ಶಕ್ತಿಯನ್ನು ಅದು ಹಿಂದಿರುಗಿಸುತ್ತದೆ, ಕರಗಿಸುವುದಿಲ್ಲ. ಲೀಫ್ ಸ್ಪ್ರಿಂಗಿನ ಜೊತೆಗೆ ಇನ್ನೊಂದು ಸ್ಪ್ರಿಂಗ್ ಸೇರಿದಾಗ ಅದನ್ನು ಅಡಗಿಸುವ ಶಾಕ್ ಅಬ್ಸಾರ್ಬರಿನ ಹೊಣೆ ಹೆಚ್ಚುತ್ತದೆ. ಆ ಹೊತ್ತಿಗೆ ನಮ್ಮ ಗಾಡಿಯ ಮೂಲ ಶಾಕ್ ಅಬ್ಸಾರ್ಬರ್‌ಗಳು ಸಾಕಷ್ಟು ಸವೆದಿದ್ದವು. ಬಿಚ್ಚಿದ ಒಂದರ ದಂಡವನ್ನು ಕೈಯಿಂದ ಒತ್ತಿ ಬಿಟ್ಟಾಗ ಮೊದಲ ಒಂದೆರಡು ಸೆಂಟಿಮೀಟರ್‌ವರೆಗೆ ಯಾವ ತಡೆಯೂ ಇಲ್ಲದೆ ಸಡಿಲವಾಗಿ ಜಾರಿತು. ಸೀಲಿನ ಸುತ್ತ ಎಣ್ಣೆ ಒಸರಿ ಧೂಳು ಕಪ್ಪಾಗಿ ಹೆಪ್ಪುಗಟ್ಟಿತ್ತು.

ಕೋನಿಯ ಎಫ್‌ಎಸ್‌ಡಿಯನ್ನು ಆರಿಸಿದ್ದು ಅದರ ಕೆಲಸದ ರೀತಿಯನ್ನು ತಿಳಿದುಕೊಂಡ ಮೇಲೆ. ಸಾಮಾನ್ಯ ಶಾಕ್ ಅಬ್ಸಾರ್ಬರಿನಲ್ಲಿ ಒಂದು ಸಂದಿಗ್ಧ ಇದ್ದೇ ಇರುತ್ತದೆ. ದೊಡ್ಡ ತೂಗಾಟವನ್ನು ಹಿಡಿಯುವಷ್ಟು ಬಿಗಿ ಮಾಡಿದರೆ ಅದು ಸಣ್ಣ ಒರಟನ್ನೂ ಒಳಕ್ಕೆ ದಾಟಿಸುತ್ತದೆ. ಒರಟನ್ನು ನುಂಗುವಷ್ಟು ಮೆತ್ತಗೆ ಮಾಡಿದರೆ ತೂಗಾಟ ಉಳಿಯುತ್ತದೆ. ಎಫ್‌ಎಸ್‌ಡಿಯಲ್ಲಿ ಮುಖ್ಯ ಪಿಸ್ಟನ್ನಿನ ದಾರಿಯ ಜೊತೆಗೆ ಎಣ್ಣೆಗೆ ಇನ್ನೊಂದು ಪಕ್ಕದಾರಿ ಇದೆ. ಚಕ್ರ ಬೇಗಬೇಗನೆ ಸಣ್ಣದಾಗಿ ಕಂಪಿಸಿದಾಗ ಆ ಪಕ್ಕದಾರಿ ತೆರೆದೇ ಇರುವುದರಿಂದ ತಡೆ ಕಡಿಮೆ. ಗಾಡಿಯ ಮೈ ನಿಧಾನವಾಗಿ, ಹೆಚ್ಚು ಹೊತ್ತು ತೂಗಿದಾಗ ಪುಟ್ಟ ಕೋಣೆಯೊಂದರಲ್ಲಿ ಒತ್ತಡ ಬೆಳೆದು ಪಕ್ಕದಾರಿಯನ್ನು ಮುಚ್ಚುತ್ತದೆ. ಎಣ್ಣೆಯೆಲ್ಲ ಮುಖ್ಯ ಪಿಸ್ಟನ್ನಿನ ಮೂಲಕವೇ ಹೋಗಬೇಕಾಗಿ ತಡೆ ಹೆಚ್ಚುತ್ತದೆ. ಇದರಲ್ಲಿ ವೈರು, ಸೆನ್ಸರ್, ಸ್ವಿಚ್ ಯಾವುದೂ ಇಲ್ಲ. ಎಲ್ಲವೂ ಎಣ್ಣೆ ಮತ್ತು ವಾಲ್ವ್‌ಗಳ ಆಟ. ಮನೆಯನ್ನೇ ಹೊತ್ತು ಎಲ್ಲೆಲ್ಲೋ ಹೋಗುವ ಗಾಡಿಗೆ ಕೆಡುವ ಎಲೆಕ್ಟ್ರಾನಿಕ್ ಭಾಗ ಒಂದಾದರೂ ಕಡಿಮೆಯಿರುವುದು ಒಳ್ಳೆಯದು ಎಂಬುದು ನನ್ನ ನಂಬಿಕೆ.

ಇದು ತಂದ ಬದಲಾವಣೆಯನ್ನು ಹೇಳಲು ಒಂದು ಕಪಾಟು ಸಾಕು. ಒಲೆಯ ಮೇಲಿನ ಕಪಾಟಿನಲ್ಲಿ ಗಾಜಿನ ಲೋಟಗಳನ್ನು ಇಡುತ್ತೇವೆ. ಏರ್ ಕಿಟ್ ಹಾಕಿದ ಮೇಲೂ ಹರಕು ಡಾಂಬರಿನಲ್ಲಿ ಅವು ಒಂದಕ್ಕೊಂದು ತಾಕಿ ಕಿಣಿಕಿಣಿ ಎನ್ನುತ್ತಲೇ ಇದ್ದವು. ನಡುವೆ ಬಟ್ಟೆ ತುರುಕದೆ ಹೊರಡುವಂತಿರಲಿಲ್ಲ. ಹೊಸ ಶಾಕ್ ಅಬ್ಸಾರ್ಬರ್ ಬಂದ ಮೇಲೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಬಟ್ಟೆಯಿಲ್ಲದೆಯೂ ಆ ಸದ್ದು ಆಗೊಮ್ಮೆ ಈಗೊಮ್ಮೆ ಮಾತ್ರ ಕೇಳಿಸುತ್ತದೆ. ಹೆದ್ದಾರಿಯ ತೂಗಾಟ ಒಂದು ಏರಿಳಿತಕ್ಕೆ ಒಂದೇ ಸಲ ಆಗಿ ಮುಗಿಯುತ್ತದೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಹೊಟ್ಟೆ ತೊಳಸುವುದು ಕಡಿಮೆಯಾದದ್ದನ್ನು ಅವರೇ ಹೇಳಿದರು, ನಾನು ಕೇಳಿರಲಿಲ್ಲ. ಸ್ಟಿಯರಿಂಗನ್ನು ಸದಾ ಸಣ್ಣದಾಗಿ ತಿದ್ದುತ್ತ ಇರಬೇಕಾದ ಆಯಾಸವೂ ತಗ್ಗಿತು. ಮುಂದಿನ ಜೋಡಿಯನ್ನು ಬದಲಿಸುವುದು ಸ್ಟ್ರಟ್ ಬಿಚ್ಚಿ, ಸ್ಪ್ರಿಂಗನ್ನು ಅದಕ್ಕೆಂದೇ ಇರುವ ಉಪಕರಣದಿಂದ ಅದುಮಿ ಮಾಡುವ ಅಪಾಯಕಾರಿ ಕೆಲಸವಾದ್ದರಿಂದ ಅದನ್ನು ಬಲ್ಲವರಿಂದಲೇ ಮಾಡಿಸಬೇಕು. ಆಗಲೇ ಮೇಲಿನ ಸ್ಟ್ರಟ್ ಬೇರಿಂಗನ್ನೂ ಹೊಸದಾಗಿಸಿದರೆ ಅದೇ ಕೂಲಿಗೆ ಎರಡು ಕೆಲಸ ಮುಗಿಯುತ್ತದೆ. ಮುಗಿದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಪರೀಕ್ಷಿಸುವುದನ್ನು ಬಿಡಬಾರದು.

ತಿರುವಿನಲ್ಲಿ ವಾಲುವುದರ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಎರಡೂ ಬದಲಾವಣೆಗಳ ಬಳಿಕವೂ ಅದು ಸ್ವಲ್ಪ ಮಾತ್ರ ಕಡಿಮೆಯಾಗಿದೆ. ಶಾಕ್ ಅಬ್ಸಾರ್ಬರ್ ವಾಲುವ ವೇಗವನ್ನು ತಗ್ಗಿಸುತ್ತದೆಯೇ ಹೊರತು ಉದ್ದನೆಯ ತಿರುವಿನಲ್ಲಿ ಎಷ್ಟು ವಾಲಬೇಕೋ ಅಷ್ಟನ್ನು ತಡೆಯದು. ಗಾಳಿಚೀಲಗಳು ಚಕ್ರಗಳ ಬಳಿ ಅಲ್ಲ, ಚಾಸಿಯ ಅಡಿಯಲ್ಲಿ, ಒಂದಕ್ಕೊಂದು ಹತ್ತಿರದಲ್ಲಿ ಇರುವುದರಿಂದ ವಾಲುವಿಕೆಯ ವಿರುದ್ಧ ಅವುಗಳಿಗೆ ಸಿಗುವ ಸನ್ನೆಯ ಬಲ ಕಡಿಮೆ. ಎತ್ತರದ ಮೈಯುಳ್ಳ, ಚಾಲಕನ ತಲೆಯ ಮೇಲೆ ಹಾಸಿಗೆ ಇರುವ ಗಾಡಿಗಳಿಗೆ ಹಿಂಬದಿಗೆ ದಪ್ಪನೆಯ ಆ್ಯಂಟಿ ರೋಲ್ ಬಾರ್ ಹಾಕಿಸುವುದೇ ಸರಿಯಾದ ದಾರಿ.

ಗಾಳಿಯ ಗೊಡವೆಯೇ ಬೇಡವೆನ್ನುವವರಿಗೆ ಸುಮೋಸ್ಪ್ರಿಂಗ್ಸ್‌ನ ನೊರೆಯಂಥ ಪಾಲಿಯುರಿಥೇನ್ ದಿಮ್ಮಿಗಳೂ ಟಿಂಬ್ರೆನ್‌ನ ರಬ್ಬರ್ ದಿಮ್ಮಿಗಳೂ ಸಿಗುತ್ತವೆ. ಅವು ಸೋರುವುದಿಲ್ಲ, ಒಡೆಯುವುದಿಲ್ಲ, ಗೇಜ್ ನೋಡುವ ಕೆಲಸವಿಲ್ಲ. ಆದರೆ ಹೊರೆಗೆ ತಕ್ಕಂತೆ ಹೊಂದಿಸಲು ಬರುವುದಿಲ್ಲ. ಲೀಫ್ ಸ್ಪ್ರಿಂಗನ್ನೇ ತೆಗೆದು ಪೂರ್ತಿ ಗಾಳಿಯ ಮೇಲೆ ನಿಲ್ಲಿಸುವ ವ್ಯವಸ್ಥೆ ಇವೆಲ್ಲಕ್ಕಿಂತ ಹಿತಕರ. ಎತ್ತರವನ್ನು ಸೆನ್ಸರ್‌ಗಳು ತಾವೇ ಕಾಯುತ್ತವೆ, ನಿಲ್ಲಿಸಿದಾಗ ಗಾಡಿಯನ್ನು ಮಟ್ಟ ಮಾಡುವುದೂ ಸುಲಭ. ಅದರ ವೆಚ್ಚ ಮತ್ತು ಜಟಿಲತೆ ಸಹಾಯಕ ಕಿಟ್‌ಗಿಂತ ಹಲವು ಪಟ್ಟು ಹೆಚ್ಚು. ನಿಮ್ಮ ಗಾಡಿಯ ಹಿಂಬದಿ ಆಲ್-ಕೋ ಕಂಪನಿಯ ಚಾಸಿಯದ್ದಾಗಿದ್ದರೆ ಅಲ್ಲಿ ಲೀಫ್ ಸ್ಪ್ರಿಂಗೇ ಇರುವುದಿಲ್ಲ, ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಟಾರ್ಷನ್ ಬಾರ್ ಇರುತ್ತದೆ. ಅದಕ್ಕೆ ಬೇರೆಯದೇ ಕಿಟ್ ಬೇಕು.

ಕಿಟ್ ಹಾಕಿದ ಮಾತ್ರಕ್ಕೆ ಗಾಡಿ ಹೆಚ್ಚು ತೂಕ ಹೊರಲು ಅರ್ಹವಾಗುವುದಿಲ್ಲ. ತಯಾರಕರ ಫಲಕದಲ್ಲಿ ಬರೆದಿರುವ ಆಕ್ಸಲ್ ಮಿತಿ ಆಕ್ಸಲ್, ಬೇರಿಂಗ್, ಬ್ರೇಕ್, ರಿಮ್, ಟೈರ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು. ಕೆಲವು ಕಿಟ್‌ಗಳೊಡನೆ ಅಧಿಕೃತವಾಗಿ ಮಿತಿಯನ್ನು ಏರಿಸಿಕೊಳ್ಳುವ ಅವಕಾಶ ಇರುತ್ತದೆ, ಆದರೆ ಅದಕ್ಕೆ ದಾಖಲೆ ಮತ್ತು ಪರೀಕ್ಷೆ ಬೇಕು. ಟೈರಿನ ಲೆಕ್ಕವನ್ನು ಯಾರಾದರೂ ತಾವೇ ನೋಡಿಕೊಳ್ಳಬಹುದು: ಟೈರಿನ ಮೇಲೆ ಬರೆದಿರುವ ಲೋಡ್ ಇಂಡೆಕ್ಸ್ (ಹೊರುವ ಶಕ್ತಿಯ ಸಂಕೇತ) 116 ಎಂದಿದ್ದರೆ ಒಂದು ಟೈರ್ ಹೊರುವುದು 1250 ಕಿಲೋ, ಎರಡು ಸೇರಿ 2500 ಕಿಲೋ. ಮೋಟಾರ್‌ಹೋಮ್‌ಗೆಂದೇ ತಯಾರಾಗುವ, ಅಳತೆಯ ಜೊತೆ ಸಿಪಿ ಎಂಬ ಗುರುತಿರುವ ಟೈರ್‌ಗಳು ಹಿಂಬದಿಯ ನಿರಂತರ ಭಾರಕ್ಕೆ ಒಗ್ಗಿದಂಥವು. ಟೈರಿನ ಒತ್ತಡ ಅಗತ್ಯಕ್ಕಿಂತ ಹೆಚ್ಚಿದ್ದರೆ ಎಂಥ ಸಸ್ಪೆನ್ಷನ್ ಇದ್ದರೂ ಗಾಡಿ ಎತ್ತಿ ಹಾಕುತ್ತದೆ. ಆಕ್ಸಲ್‌ನ ನಿಜವಾದ ತೂಕವನ್ನು ಟೈರ್ ತಯಾರಕರಿಗೆ ತಿಳಿಸಿ ಅದಕ್ಕೆ ತಕ್ಕ ಒತ್ತಡ ಕೇಳಿ ಪಡೆಯುವುದು ಖರ್ಚಿಲ್ಲದೆ ಸಿಗುವ ಸುಧಾರಣೆ.

ನಿರ್ವಹಣೆ ಹೆಚ್ಚೇನೂ ಇಲ್ಲ. ಹೊರಡುವ ಮೊದಲು ಗೇಜ್ ನೋಡುತ್ತೇವೆ. ಚಳಿ ಬಿದ್ದಾಗ ಮುಳ್ಳು ಇಳಿದಿದ್ದರೆ ಸೋರಿಕೆಯೆಂದು ಗಾಬರಿಪಡಬೇಕಿಲ್ಲ. ತಾಪಮಾನ 30 ಡಿಗ್ರಿಯಿಂದ ಸೊನ್ನೆಗೆ ಇಳಿದರೆ ಅಷ್ಟೇ ಜಾಗದಲ್ಲಿರುವ ಗಾಳಿಯ ನಿರಪೇಕ್ಷ ಒತ್ತಡ (ಹೊರಗಿನ ವಾತಾವರಣದ ಒತ್ತಡವನ್ನೂ ಸೇರಿಸಿದ್ದು) ಹತ್ತರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಎರಡರಲ್ಲಿ ಒಂದೇ ಮುಳ್ಳು ಇಳಿದಿದ್ದರೆ ಮಾತ್ರ ಆ ಬದಿಯ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಬಹುತೇಕ ಸಲ ಚೀಲ ಸೋರುವುದಿಲ್ಲ, ಕೊಳವೆಯ ತುದಿ ಓರೆಯಾಗಿ ಕತ್ತರಿಸಿದ್ದರಿಂದ ಫಿಟ್ಟಿಂಗಿನಲ್ಲಿ ಸರಿಯಾಗಿ ಕೂತಿರುವುದಿಲ್ಲ; ತುದಿಯನ್ನು ನೇರವಾಗಿ ಕತ್ತರಿಸಿ ಮತ್ತೆ ಒಳಕ್ಕೆ ತಳ್ಳಿದರೆ ಮುಗಿಯುತ್ತದೆ. ಕೆಸರಿನ ದಾರಿಯಲ್ಲಿ ಓಡಾಡಿ ಬಂದ ಮೇಲೆ ಚೀಲದ ಉಬ್ಬುಗಳ ನಡುವಿನ ಸಂದಿಗೆ ನೀರು ಹಾಯಿಸಿ ತೊಳೆಯುತ್ತೇವೆ. ಅಲ್ಲಿ ಸಿಕ್ಕಿಕೊಂಡ ಸಣ್ಣ ಕಲ್ಲು ರಬ್ಬರನ್ನು ದಿನವೂ ಸ್ವಲ್ಪ ಸ್ವಲ್ಪ ಕೊರೆಯುತ್ತಿರುತ್ತದೆ.

ನಮ್ಮದೇ ಬಗೆಯ, ಲೀಫ್ ಸ್ಪ್ರಿಂಗ್ ಇರುವ, ಹಿಂಬದಿ ಉದ್ದನೆಯ ಗಾಡಿ ಇರುವವರು ಒಂದನ್ನು ಮಾತ್ರ ಮಾಡಿಸಲು ಶಕ್ತರಾಗಿದ್ದರೆ ಯಾವುದನ್ನು ಮಾಡಿಸಬೇಕು ಎಂದು ಕೇಳಿದರೆ ನನ್ನ ಉತ್ತರ ತೂಕದ ಚೀಟಿಯನ್ನೂ ಕಮಾನಿನ ಅಳತೆಯನ್ನೂ ಅವಲಂಬಿಸಿದೆ. ಪೂರ್ಣ ಹೊರೆಯಲ್ಲಿ ಗಾಡಿ ಬಂಪ್ ಸ್ಟಾಪ್ ಮೇಲೆ ಕುಳಿತಿದ್ದರೆ ಮೊದಲು ಏರ್ ಕಿಟ್. ಚಕ್ರಕ್ಕೆ ಚಲಿಸಲು ಜಾಗವೇ ಇಲ್ಲದಿರುವಾಗ ಎಂಥ ಶಾಕ್ ಅಬ್ಸಾರ್ಬರೂ ತನ್ನ ಕೆಲಸ ಮಾಡಲಾರದು. ಗಾಡಿ ಮಟ್ಟವಾಗಿ ನಿಂತಿದ್ದು, ಮೂಲ ಶಾಕ್ ಅಬ್ಸಾರ್ಬರ್‌ಗಳು ಹಳತಾಗಿದ್ದರೆ ಗಾಳಿಯ ಯೋಚನೆ ಬಿಟ್ಟು ನಾಲ್ಕೂ ಎಫ್‌ಎಸ್‌ಡಿ ಹಾಕಿಸುವುದು ಮೇಲು. ಬರಿಯ ಹಿಂದಿನ ಜೋಡಿಯನ್ನು ಬದಲಿಸಿ ಮುಂದಿನದನ್ನು ಹಾಗೇ ಬಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಮೂಗು ಮತ್ತು ಬಾಲದ ನಡುವಿನ ತೂಗಾಟವನ್ನು ಹಿಡಿಯಲು ಎರಡು ಆಕ್ಸಲ್‌ಗಳ ತಡೆಯೂ ಒಂದಕ್ಕೊಂದು ಹೊಂದಿಕೊಂಡಿರಬೇಕು.